ನೋರಾ ಬಗ್ಗೆ ನೀನು ಬರೆದದ್ದು

ಕ್ಲೇಟನ್, ಮೆಲ್ಬರ್ನ್
೧೪ ಮಾರ್ಚ್ ೧೯೯೧

ಚಿ. ಸೌ. ಅರುಂಧತಿಗೆ ದೊಡ್ಡಮ್ಮನ ಆಶೀರ್ವಾದ.

ನಿಮ್ಮ ಸಿಡ್ನಿಯ ಹಾಡಿನ ಕಾರ್ಯಕ್ರಮದ ಪುಸ್ತಕಕ್ಕೆ ನಮ್ಮ ನೋರಾ ಬಗ್ಗೆ ಬರೆದು, ತಪ್ಪಿದ್ದರೆ ಹೇಳಿ ಅಂದಿದ್ದೀಯ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನನ್ನ ಬರಹ ತಿದ್ದುತ್ತಾಳೆ ಎಂದು ನಗಬೇಡ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಅವಳ ಜೊತೆ ಬೆಡ್‌ಶೀಟ್ ಮಡಚಿದವಳು ನಾನು.

ನೀನು ಬರೆದ ಹಾಗೆ ಅವಳು ಯಾವ ಗುರುವಿನ ಹತ್ತಿರವೂ ಕಲಿತಿಲ್ಲ. ಐರ್ಲೆಂಡಿನ ತನ್ನೂರಲ್ಲಿ ಮೀನು ಒಣಗಿಸುತ್ತಾ ಸೋದರತ್ತೆಯಿಂದ ಹಾಡು ಕಲಿತಳು. ಹುಟ್ಟಿದ ವರ್ಷವೂ ತಪ್ಪು, ವಯಸ್ಸು ಆರು ವರ್ಷ ಕಡಿಮೆಯಾಗಿದೆ. ಅದನ್ನು ಮಾತ್ರ ಹಾಗೇ ಬಿಡು, ಬೇಜಾರು ಮಾಡಿಕೊಳ್ಳುತ್ತಾಳೆ.

ಫೋಟೋದ ಕೆಳಗೆ ‘ಅಭಿಮಾನಿಯೊಬ್ಬರೊಂದಿಗೆ’ ಎಂದು ಹಾಕಿದ್ದೀಯಲ್ಲ, ಕಣ್ಣಿಗೇನಾಗಿದೆ ನಿನಗೆ? ಮುಖ ಕಾಣದಿದ್ದರೇನು, ಅವಳ ಕೈ ಹಿಡಿದ ನನ್ನ ಕೈಯಲ್ಲಿ ನೀನೇ ಕೊಟ್ಟ ಬಳೆ ಗೊತ್ತಾಗಲಿಲ್ಲವೇ? ಅವರ ಊರಲ್ಲಿ ಹಾಡುವವರ ಕೈಯನ್ನು ಪಕ್ಕದವರು ಹಿಡಿದು ಮೆಲ್ಲಗೆ ತಿರುಗಿಸುತ್ತಿರುತ್ತಾರೆ. ಹಾಗೆ ಹಿಡಿಯದೆ ನೋರಾ ಬಾಯಿ ತೆರೆಯುವುದಿಲ್ಲ. ಊಟದ ಬಿಡುವಿನಲ್ಲಿ ಅಷ್ಟೂ ವರ್ಷ ಹಿಡಿದವಳು ನಾನು.

ನಿಮ್ಮವರು ಅವಳೊಬ್ಬಳನ್ನೇ ಕರೆದಿದ್ದಾರೆ, ವೇದಿಕೆಗೆ ಒಂದೇ ಕುರ್ಚಿಯಂತೆ. ಅದಕ್ಕೇ ಬರುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ನಾನು ನನ್ನ ಬಸ್ ಟಿಕೆಟ್ ಬುಕ್ ಮಾಡಿಯಾಗಿದೆ. ಪುಸ್ತಕದಲ್ಲಿ ನನ್ನ ಹೆಸರು ಬೇಡ. ಅವಳ ಬಲಗಡೆಗೆ ಇನ್ನೊಂದು ಕುರ್ಚಿ ಹಾಕಿಸು.

ನಿನ್ನ ದೊಡ್ಡಮ್ಮ,
ಜಲಜಾಕ್ಷಿ