ಕೆಲ್ರಾನನ ಬೆನ್ನಿಗೆ ಹಚ್ಚಿದ ಎಣ್ಣೆ

ಮಾರ್ಚ್ ೯, ಭಾನುವಾರ

ಇವತ್ತು ಚರ್ಚಿನಲ್ಲಿ ಒಬ್ಬರಿಗೊಬ್ಬರು ಕೈಹಿಡಿದು ಶಾಂತಿ ಹಾರೈಸುವಾಗ ನಾದಿನಿ ವರ್ಲಿನ್ ನನ್ನ ಕೈ ಮುಟ್ಟಲಿಲ್ಲ. "ನಿನ್ನ ಕೈ ಬೇಡ ಕಣೇ. ನನ್ನ ಮಗನ ಬೆನ್ನು ತಿಕ್ಕಿದ ಕೈ ಅದು," ಎಂದಳು, ಎಲ್ಲರಿಗೂ ಕೇಳುವಂತೆ.

ನಿಜ, ತಿಕ್ಕಿದವಳು ನಾನೇ. ಕ್ರಿಕೆಟ್ ಫೈನಲ್ ದಿನ ಬೆಳಿಗ್ಗೆ ಅವಳ ಮಗ ಕೆಲ್ರಾನ್ ಬೆನ್ನುನೋವು ಎಂದಾಗ, ಈಗ ನಮ್ಮೂರ ತಂಡಕ್ಕೆ ಕೋಚ್ ಆಗಿರುವ ನಮ್ಮವರು ನಕ್ಕುಬಿಟ್ಟರು. "ವೆಸ್ಟ್ ಇಂಡೀಸಿಗೆ ಆಡುವಾಗ ಮುರಿದ ಕಾಲ್ಬೆರಳಲ್ಲೇ ಇಪ್ಪತ್ತು ಓವರ್ ಹಾಕಿ, ಆಮೇಲೆ ಎಂಬತ್ತು ರನ್ ಹೊಡೆದವನು ಕಣೋ ನಾನು. ಹೋಗು, ನಿಮ್ಮತ್ತೆ ಜಾಯಿಕಾಯಿ ಎಣ್ಣೆ ಹಚ್ತಾಳೆ."

ಅವರ ಬೆರಳಿಗೂ ಆಗ ನಾನೇ ಹಚ್ಚಿದ್ದು. ಹಾಗೇ ಇವನಿಗೂ ಹಚ್ಚಿ, ಬಟ್ಟೆ ಬಿಗಿದು, "ಹೋಗಪ್ಪಾ, ಕರ್ತ ನಿನ್ನ ಬೆನ್ನು ಕಾಯ್ತಾನೆ" ಎಂದು ಕಳಿಸಿದೆ. ತನ್ನ ಏಳನೇ ಓವರ್ ಹಾಕುವಾಗ ಬೆನ್ನು ಹಿಡಿದುಕೊಂಡು ಬಿದ್ದ. ಇನ್ನು ಜನ್ಮದಲ್ಲಿ ಬೌಲಿಂಗ್ ಮಾಡುವ ಹಾಗಿಲ್ಲ ಎಂದು ಶುಕ್ರವಾರ ಡಾಕ್ಟರು ಹೇಳಿದರು.

ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ನಮ್ಮವರು ಮೀನಿನ ತಟ್ಟೆ ಮುಟ್ಟಲಿಲ್ಲ. "ನೋವು ನುಂಗಿ ಆಡೋದು ಬಿಟ್ಟು ನನಗೆ ಇನ್ನೇನು ಗೊತ್ತು, ಎಸ್ಮಿ? ಗೊತ್ತಿದ್ದನ್ನೇ ಕಲಿಸಿದೆ," ಎಂದರು.

ಕರ್ತನೇ, ಆ ಬೆಳಿಗ್ಗೆ ನಿನ್ನ ಹೆಸರಿನಲ್ಲಿ ಮಾತು ಕೊಟ್ಟವಳು ನಾನು. ನಿನ್ನನ್ನು ಕೇಳಿರಲಿಲ್ಲ. ಈಗ ಯಾವ ಮುಖ ಇಟ್ಟುಕೊಂಡು ಅವನಿಗಾಗಿ ನಿನ್ನನ್ನು ಬೇಡಲಿ?