ಬಾಗಿಲು ತೆರೆಯದೆ ಹೋದ ಭಾನುವಾರದ ರೈಲು

ರೈಲು ಸಂಚಾರ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಬಿರುಗಾಳಿಯ ಕಾರಣ ರದ್ದಾಗಿದೆ ಎಂದು ನೀವು ನಮಗೆ ಹೇಳಿದ ರೈಲು ಆ ಭಾನುವಾರ ಓಡಿತು. ದೀಪ ಹೊತ್ತಿಸಿಕೊಂಡು, ಬಾಗಿಲು ಮುಚ್ಚಿಕೊಂಡು, ಒಬ್ಬನೇ ಒಬ್ಬ ಪ್ರಯಾಣಿಕನಿಲ್ಲದೆ ಓಡಿತು. ನನ್ನ ಮಗಳು ಕಾಯುತ್ತಿದ್ದ ಪ್ಲಾಟ್‌ಫಾರಂಗೆ ಸರಿಯಾದ ಸಮಯಕ್ಕೆ ಬಂದು, ಅವಳ ಮೂಗಿನ ಮುಂದೆಯೇ ನಿಂತು, ಅವಳಪ್ಪ ಮಾತಿಗೆ ತಪ್ಪುವ ಮನುಷ್ಯ ಎಂದು ಸಾಬೀತು ಮಾಡಿ ಮುಂದಕ್ಕೆ ಹೋಯಿತು. ನಿಮ್ಮ ಇಲಾಖೆ ಇಷ್ಟು ಅಚ್ಚುಕಟ್ಟಾಗಿ ಮಾಡಿ ಮುಗಿಸಿದ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಿಮ್ಮ ಕಚೇರಿಯ ಯಾರಾದರೂ ‘ಪ್ರಯಾಣಿಕರ ಸುರಕ್ಷತೆಯೇ ನಮ್ಮ ಆದ್ಯತೆ’ ಎಂಬ ವಾಕ್ಯವನ್ನು ತಂದು ನನ್ನ ಮುಖಕ್ಕೆ ಹಿಡಿಯುತ್ತಾರೆ. ಗಾಳಿ ಬೀಸಿದ್ದು ನನಗೆ ಗೊತ್ತಿದೆ ಸ್ವಾಮಿ. ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸಲೂನ್ ಇದೆ. ಆ ವಾರ ಅದರ ಬೋರ್ಡು ಕಿತ್ತುಹೋಗಿ ಎದುರಿನ ಔಷಧಿ ಅಂಗಡಿಯ ಬಾಗಿಲಿಗೆ ಒರಗಿಕೊಂಡಿತ್ತು. ‘ಕಟಿಂಗ್, ಶೇವಿಂಗ್’ ಎಂದು ಓದಿಕೊಂಡು ಯಾರೋ ಒಳಗೆ ಹೋಗಿ ಗಡ್ಡ ಮುಂದೆ ಮಾಡಿ ಕುಳಿತರು ಎಂದು ಔಷಧಿ ಅಂಗಡಿಯವರು ಇವತ್ತಿಗೂ ನನ್ನನ್ನು ಗೇಲಿ ಮಾಡುತ್ತಾರೆ. ಹಳಿಯ ಮೇಲೆ ಮರ ಬಿದ್ದಿರುವಾಗ ರೈಲು ಬಿಡಿ ಎಂದು ಕೇಳುವಷ್ಟು ಬುದ್ಧಿಗೇಡಿ ನಾನಲ್ಲ. ಗಾಳಿಯ ಜೊತೆ ಕುಸ್ತಿಗೆ ಇಳಿಯಿರಿ ಎಂದು ನಿಮಗೆ ಯಾರೂ ಹೇಳುತ್ತಿಲ್ಲ. ನನ್ನ ಜಗಳ ಗಾಳಿಯ ಮೇಲಲ್ಲ, ನಿಮ್ಮ ಮೇಲೆ.

ನನ್ನ ಸಂಸಾರದ ವಿಷಯ ಬೀದಿಗೆ ತರುವುದು ನನಗೆ ಇಷ್ಟವಿಲ್ಲ. ಆದರೆ ಅದನ್ನು ಹೇಳದೆ ನಿಮಗೆ ಇದು ಅರ್ಥವಾಗುವುದಿಲ್ಲ. ನಾನೂ ಮಗಳ ತಾಯಿಯೂ ಬೇರೆಯಾಗಿದ್ದೇವೆ. ಮಗಳು ಮೂರನೇ ಕ್ಲಾಸು. ತಾಯಿಯ ಜೊತೆ, ತಾಯಿಯ ತಂದೆಯ ಮನೆಯಲ್ಲಿ, ನಿಮ್ಮ ರೈಲಿನಲ್ಲಿ ಹೋದರೆ ಒಂದು ಗಂಟೆಗೂ ಕಡಿಮೆ ದೂರದ ಊರಿನಲ್ಲಿ ಇದ್ದಾಳೆ. ಒಂದು ವಾರ ಬಿಟ್ಟು ಒಂದು ಭಾನುವಾರ ನಾನು ಅವಳನ್ನು ನೋಡಬಹುದು ಎಂದು ತೀರ್ಮಾನವಾಗಿದೆ. ಸಲೂನಿನವನಿಗೆ ಭಾನುವಾರ ಎಂದರೆ ಏನೆಂದು ನಿಮ್ಮ ಕ್ಷೌರಿಕನನ್ನು ಕೇಳಿ ನೋಡಿ. ಊರಿನ ತಲೆಗಳೆಲ್ಲ ಬಾಗಿಲಲ್ಲಿ ಸಾಲು ನಿಲ್ಲುವ ದಿನ ಅದು. ಆ ದಿನ ಶಟರ್ ಎಳೆದು, ಸಣ್ಣ ಕತ್ತರಿ, ಬಾಚಣಿಗೆ, ಒಂದು ಬಿಳಿ ಬಟ್ಟೆ ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ನಾನು ರೈಲು ಹತ್ತುತ್ತೇನೆ. ಮಗಳ ಹಣೆಯ ಮೇಲೆ ಇಳಿಯುವ ಕೂದಲನ್ನು ಅವಳು ಹುಟ್ಟಿದಾಗಿನಿಂದ ನನ್ನ ಕೈ ಬಿಟ್ಟು ಬೇರೆ ಯಾರೂ ಮುಟ್ಟಿರಲಿಲ್ಲ.

ಈಗ ಹಸಿರು ಬಟನ್ನಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಹೊಸ ಬೋಗಿಗಳಲ್ಲಿ ಬಾಗಿಲು ತಾನಾಗಿ ತೆರೆಯುವುದಿಲ್ಲ. ಇಳಿಯುವವರು ಒಳಗಿನಿಂದ ಒಂದು ಹಸಿರು ಬಟನ್ ಒತ್ತಬೇಕು. ಹೊರಗೂ ಒಂದು ಬಟನ್ ಇದೆ, ಆದರೆ ಅದು ಮಗಳ ಕೈಗೆ ಎಟುಕುವುದಿಲ್ಲ. ಹಾಗಾಗಿ ಅವಳು ಪ್ಲಾಟ್‌ಫಾರಂ ಮೇಲೆ ನಿಂತು ‘ಒತ್ತು, ಒತ್ತು’ ಎಂದು ಕುಣಿಯುತ್ತಾಳೆ, ನಾನು ಒಳಗಿನಿಂದ ಬೇಕಂತಲೇ ಒಂದು ಕ್ಷಣ ತಡಮಾಡಿ ಒತ್ತುತ್ತೇನೆ. ಬಾಗಿಲು ಸರಿಯುತ್ತದೆ, ಅವಳು ನನ್ನ ಹೊಟ್ಟೆಗೆ ಬಂದು ಢಿಕ್ಕಿ ಹೊಡೆಯುತ್ತಾಳೆ. ನಮ್ಮಿಬ್ಬರ ಭಾನುವಾರ ಶುರುವಾಗುವುದು ಹಾಗೆ. ನಿಮಗೆ ಅದು ಒಂದು ಬಿಡಿಭಾಗ ಇರಬಹುದು.

ಇನ್ನೊಬ್ಬರನ್ನೂ ನಿಮಗೆ ಪರಿಚಯಿಸಬೇಕು, ಅವರು ನಿಮ್ಮವರೇ. ಸ್ಟೇಷನ್ನಿನ ಧ್ವನಿವರ್ಧಕದಲ್ಲಿ ‘ಪ್ರಯಾಣಿಕರ ಗಮನಕ್ಕೆ’ ಎನ್ನುವ ಹೆಂಗಸಿನ ದನಿಗೆ ನನ್ನ ಮಗಳು ಮೈಕ್ ಅತ್ತೆ ಎಂದು ಹೆಸರಿಟ್ಟಿದ್ದಾಳೆ. ಮಾವನ ಮನೆ ಸ್ಟೇಷನ್ನಿನ ಬೇಲಿಯ ಆಚೆಗೇ ಇರುವುದರಿಂದ ಮೈಕ್ ಅತ್ತೆ ಬೆಳಗಿನಿಂದ ಸಂಜೆಯವರೆಗೂ ಅವರ ಅಡುಗೆಮನೆಯಲ್ಲೇ ಇರುತ್ತಾರೆ. ಈ ಗಾಳಿಗಾಲದಲ್ಲಿ ಮೊದಲ ಸಲ ರೈಲು ರದ್ದಾದಾಗ ಮಗಳು ಅತ್ತಿರಲಿಲ್ಲ. ಬದಲಿಗೆ ಸಂಜೆ ಫೋನ್ ಮಾಡಿ, ಮೂಗು ಹಿಡಿದುಕೊಂಡು, ‘ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಅಪ್ಪಾ’ ಎಂದು ನನ್ನನ್ನೇ ಸಮಾಧಾನ ಮಾಡಿದ್ದಳು. ಎರಡನೇ ಸಲವೂ ಅಷ್ಟೇ. ಮೈಕ್ ಅತ್ತೆ ಹೇಳಿದ ಮೇಲೆ ಮುಗಿಯಿತು, ಅವಳಿಗೆ ಅದರಲ್ಲಿ ಅನುಮಾನವಿಲ್ಲ.

ಮೂರನೇ ಸಲ ನಡೆದದ್ದೇ ಬೇರೆ. ನಮ್ಮ ಸ್ಟೇಷನ್ನಿನಲ್ಲಿ ರೈಲು ಬಂದು ನಿಂತಿತ್ತು. ನಾವು ಹತ್ತಲು ಹೋದಾಗ, ಬಿರುಗಾಳಿಯ ಮುನ್ಸೂಚನೆ ಇರುವುದರಿಂದ ಸೇವೆ ರದ್ದಾಗಿದೆ, ಹೊರಗೆ ಬದಲಿ ಬಸ್ ಬರುತ್ತದೆ ಎಂದು ಘೋಷಿಸಿ ನಮ್ಮನ್ನೆಲ್ಲ ಹೊರಕ್ಕೆ ಕಳಿಸಿದಿರಿ. ಹೋಗಿ ನಿಂತೆವು. ನಿಮ್ಮ ಬಸ್ಸು ಎಲ್ಲಿತ್ತೋ ಆ ಭಗವಂತನಿಗೇ ಗೊತ್ತು. ನಾನು ಮಗಳ ತಾಯಿಗೆ ಫೋನ್ ಮಾಡಿದೆ. ಅವಳು ಆಸ್ಪತ್ರೆಯಲ್ಲಿ ದಾದಿ, ಪಾಳಿಯಲ್ಲಿದ್ದಾಗ ಫೋನು ಲಾಕರಿನಲ್ಲಿರುತ್ತದೆ. ಮಾವನಿಗೆ ಮಾಡಿದೆ. ಅವರು ಕಳೆದುಹೋದೀತು ಎಂಬ ಭಯಕ್ಕೆ ಮೊಬೈಲನ್ನು ಮನೆಯ ಗೂಡಿನಲ್ಲೇ ಇಟ್ಟು ಹೊರಡುವ ಪೈಕಿ. ಖಾಲಿ ಮನೆಯಲ್ಲಿ ಅದು ಬಡಿದುಕೊಳ್ಳುತ್ತಲೇ ಇತ್ತು. ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ ರೈಲು ಹೊರಟ ಸದ್ದಾಯಿತು. ಸಾಲಿನಲ್ಲಿದ್ದವರೊಬ್ಬರು ‘ಶೆಡ್ಡಿಗೆ ಹೋಗ್ತಾ ಇರ್ಬೇಕು ಬಿಡಿ’ ಎಂದರು. ನಾನೂ ಹಾಗೇ ಅಂದುಕೊಂಡೆ.

ಸಂಜೆ ಮಗಳ ತಾಯಿಯಿಂದ ಫೋನ್ ಬಂತು. ನಾನು ರೈಲು ರದ್ದಾದ ಕತೆ ಶುರು ಮಾಡಿದೆ.

“ಸಾಕು ಮಾಡಿ. ರೈಲು ಬಂತು,” ಎಂದಳು.

“ಬರೋದಕ್ಕೆ ಸಾಧ್ಯನೇ ಇಲ್ಲ. ಗಾಳಿ ಅಂತ ಕ್ಯಾನ್ಸಲ್ ಮಾಡಿದ್ರು.”

“ಯಾವ ಗಾಳಿ? ಇಲ್ಲಿ ಒಗೆದ ಬಟ್ಟೆ ಕೂಡ ಅಲ್ಲಾಡ್ಲಿಲ್ಲ. ಬೋರ್ಡಲ್ಲಿ ಸರಿಯಾದ ಟೈಮ್ ಅಂತ ಇತ್ತಂತೆ, ನಮ್ಮಪ್ಪ ಬೆಂಚಲ್ಲಿ ಕೂತು ಕಣ್ಣಾರೆ ನೋಡಿದ್ದಾರೆ. ಬರೋದಕ್ಕೆ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅನ್ನಿ. ಮಗು ಹತ್ರ ಯಾಕೆ ಈ ನಾಟಕ?”

ಮಗಳಿಗೆ ಕೊಡು ಎಂದೆ. ಆಮೇಲೆ ಅವಳ ದನಿ ಕೇಳಿಸಿತು: “ರೈಲು ಬಂತು ಅಪ್ಪ. ನಿಂತ್ಕೊಂಡ್ತು. ನೀನು ಬಟನ್ ಒತ್ಲಿಲ್ಲ.”

ಮಾನ್ಯರೇ, ಈ ವಾಕ್ಯವನ್ನು ಇನ್ನೊಂದು ಸಲ ಓದಿ. ಅವಳು ನಾನು ಬರಲಿಲ್ಲ ಎಂದು ಹೇಳಲಿಲ್ಲ. ನಾನು ಒಳಗೇ ಇದ್ದೆ, ಅವಳನ್ನು ನೋಡಿದೆ, ಬೇಕಂತಲೇ ಒತ್ತಲಿಲ್ಲ ಎಂದುಕೊಂಡಿದ್ದಾಳೆ. ಅವಳ ಲೆಕ್ಕದಲ್ಲಿ ಬಾಗಿಲು ತೆರೆಯದಿರಲು ಬೇರೆ ಕಾರಣವೇ ಇಲ್ಲ. ಮೈಕ್ ಅತ್ತೆ ಆ ದಿನ ಏನೂ ಹೇಳಿರಲಿಲ್ಲ. ಎತ್ತರದ ಕಿಟಕಿಗಳ ಒಳಗೆ ಅವಳಿಗೆ ಏನೂ ಕಾಣುವುದಿಲ್ಲ. ನಾನು ಎಷ್ಟು ಹೇಳಿದರೂ ಅವಳು ‘ಹೂಂ’ ಎಂದಳೇ ಹೊರತು ನಂಬಲಿಲ್ಲ. ನನ್ನ ಎದೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು, ಆ ಬೆಂಕಿಯಲ್ಲೇ ಈಗಲೂ ಬರೆಯುತ್ತಿದ್ದೇನೆ.

ಮರುದಿನ ಅಂಗಡಿ ತೆರೆಯುವ ಮೊದಲೇ ನಿಮ್ಮ ಕೌಂಟರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರೇ, ನಡುವೆ ಚಹಾ ಕುಡಿಯುತ್ತ ವಿವರಿಸಿದರು.

“ಅದು ಖಾಲಿ ಗಾಡಿ ಸಾರ್. ಸಂಜೆ ಆ ಕಡೆಯಿಂದ ಸರ್ವಿಸ್‌ಗೆ ಬೇಕಿತ್ತು, ಬಾಗಿಲು ಲಾಕ್ ಮಾಡಿ ಕಳಿಸಿದ್ರು. ಸಿಗ್ನಲ್‌ಗೆ ಅಲ್ಲಿ ನಿಂತಿರ್ಬೇಕು.”

“ಗಾಳಿ ಇದೆ ಅಂದ್ರಲ್ಲ?”

“ಜನ ಇದ್ರೆ ರೂಲ್ಸ್ ಬೇರೆ ಸಾರ್. ಜನ ಇಲ್ದಿದ್ರೆ ಅಷ್ಟು ತೊಂದ್ರೆ ಇಲ್ಲ.”

“ಡ್ರೈವರ್ ಇದ್ರಲ್ಲಪ್ಪಾ? ಅವರು ಜನ ಅಲ್ವಾ?”

ಗುಮಾಸ್ತರು ಲೋಟದ ಒಳಗೆ ನೋಡಿದರು. ಈ ಪ್ರಶ್ನೆಯನ್ನು ಈಗ ನಿಮಗೇ ಕೇಳುತ್ತೇನೆ. ಗಾಳಿ ಅಪಾಯದ್ದಾಗಿದ್ದರೆ ಆ ಚಾಲಕನನ್ನು ಯಾಕೆ ಕಳಿಸಿದಿರಿ? ಅವನೂ ಯಾವುದೋ ಮಗುವಿಗೆ ಅಪ್ಪನೇ ತಾನೇ? ಅಪಾಯ ಇರಲಿಲ್ಲ ಎಂದಾದರೆ ನಮ್ಮನ್ನು ಯಾಕೆ ಹೊರಗೆ ಹಾಕಿದಿರಿ? ಎರಡರಲ್ಲಿ ಯಾವುದಕ್ಕೆ ಉತ್ತರಿಸಿದರೂ ಒಂದು ಕಡೆ ತಲೆ ತಗ್ಗಿಸಬೇಕಾಗುತ್ತದೆ. ಅಥವಾ ನಿಯಮಕ್ಕೆ ನಿಜವಾಗಿಯೂ ಒಂದು ಕಾರಣ ಇರಬಹುದು, ನನಗೆ ಗೊತ್ತಿಲ್ಲದ್ದು. ಇದ್ದರೆ ಹೇಳಿ, ಕೇಳುತ್ತೇನೆ. ಆದರೆ ಖಾಲಿ ರೈಲು ಹೋಗುವ ಸ್ಟೇಷನ್ನುಗಳಿಗೆ ‘ಇದು ಖಾಲಿ ರೈಲು’ ಎಂದು ಒಂದು ಮಾತು ತಿಳಿಸುವುದಕ್ಕೆ ಯಾವ ಗಾಳಿ ಅಡ್ಡ ಬಂದಿತ್ತು? ಬೋರ್ಡಿನಲ್ಲಿ ‘ಸರಿಯಾದ ಸಮಯ’ ಎಂಬುದನ್ನು ಅಳಿಸಲು ಯಾರ ಕೈಗೆ ನೋವಾಗುತ್ತಿತ್ತು?

ಆಗ ನಾನು ಒಂದು ಜಾಣತನ ಮಾಡಿದೆ. ನಿಮ್ಮ ದೂರು ವಿಭಾಗಕ್ಕೆ ನಡೆದದ್ದನ್ನೆಲ್ಲ ಬರೆದು, ಉತ್ತರದ ಒಂದು ಪ್ರತಿಯನ್ನು ನೇರವಾಗಿ ಮಗಳ ತಾಯಿಗೂ ಕಳಿಸಬೇಕೆಂದು ಕೋರಿದೆ. ಅವಳಿಗೂ ಹೇಳಿದೆ, ಸ್ವಲ್ಪ ತಾಳು, ನನ್ನ ಮಾತು ಬೇಡ, ಅವರ ಬಾಯಿಂದಲೇ ಕೇಳು ಎಂದು. ನಿಮ್ಮ ಬಾಯಿ ತೆರೆಯಿತು. ಹೀಗೆಂದಿತು: ‘ಸದರಿ ದಿನಾಂಕದಂದು ಸದರಿ ಗಾಡಿಯು ಸದರಿ ನಿಲ್ದಾಣವನ್ನು ನಿಗದಿತ ಸಮಯಕ್ಕೆ ತಲುಪಿರುತ್ತದೆ. ಆದ್ದರಿಂದ ತಮ್ಮ ದೂರಿನಲ್ಲಿ ಹುರುಳಿಲ್ಲವೆಂದು ಪರಿಗಣಿಸಿ ಮುಕ್ತಾಯಗೊಳಿಸಲಾಗಿದೆ.’

ಜೀವನವೆಲ್ಲ ಊರಿನವರ ತಲೆ ಬೋಳಿಸಿದವನು ನಾನು. ಇಷ್ಟು ನುಣ್ಣಗೆ ನನ್ನ ತಲೆಯನ್ನು ಬೋಳಿಸಿದವರು ನೀವೇ ಮೊದಲು. ಮೂರು ‘ಸದರಿ’ಗಳನ್ನು ಹಾಕಿದವರಿಗೆ ‘ಖಾಲಿ’ ಎಂಬ ಒಂದು ಪದ ಹಾಕಲು ಜಾಗ ಸಿಗಲಿಲ್ಲ. ನಿಮ್ಮ ವಾರ್ಷಿಕ ವರದಿಯಲ್ಲಿ ಆ ರೈಲು ಸಮಯಪಾಲನೆಯ ಅಂಕಕ್ಕೆ ಸೇರಿರುತ್ತದೆ, ಯಾರಿಗಾದರೂ ಅದಕ್ಕೆ ಹಾರವನ್ನೂ ಹಾಕಿರುತ್ತೀರಿ. ಮಗಳ ತಾಯಿ ನಿಮ್ಮ ಉತ್ತರ ಓದಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ, “ನಿಮ್ಮ ಸಾಕ್ಷಿ ಬಂತು, ಓದ್ದೆ. ಇನ್ಮೇಲೆ ಬರ್ತೀನಿ ಅಂತ ಅವಳಿಗೆ ಹೇಳ್ಬೇಡಿ, ದಮ್ಮಯ್ಯ,” ಎಂದಳು.

ಆದರೂ ಕಳೆದ ಭಾನುವಾರ ಹೋದೆ. ಗಾಳಿ ಇರಲಿಲ್ಲ, ರೈಲು ಓಡಿಸಿದಿರಿ, ತುಂಬಾ ಉಪಕಾರವಾಯಿತು. ಬಾಗಿಲ ಹತ್ತಿರ ಮೊದಲೇ ಹೋಗಿ ನಿಂತೆ. ರೈಲು ನಿಂತ ಕೂಡಲೇ, ಈ ಸಲ ಒಂದು ಕ್ಷಣವೂ ತಡಮಾಡದೆ, ಹಸಿರು ಬಟನ್ ಒತ್ತಿದೆ. ಬಾಗಿಲು ಸರಿಯಿತು. ಆಚೆ ಮಾವ ಒಬ್ಬರೇ ನಿಂತಿದ್ದರು.

“ಬರಲ್ಲ ಅಂದ್ಲು ಕಣಪ್ಪಾ,” ಎಂದರು. “ನಾನೂ ಹೇಳಿ ನೋಡ್ದೆ. ‘ಅಪ್ಪ ಒತ್ತಲ್ಲ ತಾತ, ನಾನು ಯಾಕೆ ಬರ್ಲಿ’ ಅಂತಾಳೆ. ನೀನು ಹೇಳೋದು ನಿಜ ಅಂತ ನಂಗೆ ಅನ್ನಿಸುತ್ತೆ. ಆದ್ರೆ ನನ್ನ ಮಾತೂ ನಡೀತಾ ಇಲ್ಲ.”

ಕೂದಲು ಕಣ್ಣಿಗೆ ಬೀಳುತ್ತಿರಬೇಕಲ್ಲ ಎಂದು ಕೇಳಿದೆ. ಏನಾದರೂ ಕೇಳಬೇಕಿತ್ತು.

“ಅವಳೇ ಕನ್ನಡಿ ಮುಂದೆ ನಿಂತು ಕತ್ತರಿಸ್ಕೊಂಡ್ಲು. ಒಂದು ಕಡೆ ಜಾಸ್ತಿ ಹೋಗ್ಬಿಟ್ಟಿದೆ.”

ಚೀಲ ಹಿಡಿದುಕೊಂಡು ಆ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಮಾವ ಪಕ್ಕದಲ್ಲಿ ಕುಳಿತು ಹಳಿ ನೋಡುತ್ತಿದ್ದರು. ಬೇಲಿಯ ಆಚೆ ಅವರ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಬಲವಂತವಾಗಿ ಹೋಗಿ ಬಾಗಿಲು ತಟ್ಟಲು ನನಗೆ ಮನಸ್ಸಾಗಲಿಲ್ಲ. ವಾಪಸು ರೈಲಿನ ಘೋಷಣೆ ಬಂದಾಗ ಎದ್ದು ಬಂದೆ.

ಈಗ ನನ್ನ ಬೇಡಿಕೆ. ಟಿಕೆಟ್ಟಿನ ದುಡ್ಡು ನೀವೇ ಇಟ್ಟುಕೊಳ್ಳಿ. ವಿಷಾದವೂ ಬೇಡ, ಅದು ನಿಮ್ಮಲ್ಲಿ ಬೇಕಾದಷ್ಟು ದಾಸ್ತಾನಿದೆ ಎಂದು ಬಲ್ಲೆ. ನನಗೆ ಬೇಕಾದದ್ದು ಮೈಕ್ ಅತ್ತೆಯ ಬಾಯಿಂದ ಒಂದು ಘೋಷಣೆ, ಆ ಸ್ಟೇಷನ್ನಿನಲ್ಲಿ, ನನ್ನ ಮುಂದಿನ ಭಾನುವಾರ. ಯಾವ ಭಾನುವಾರ, ಯಾವ ಸ್ಟೇಷನ್ ಎಂಬುದು ನೀವು ‘ಮುಕ್ತಾಯಗೊಳಿಸಿದ’ ದೂರಿನಲ್ಲೇ ಇದೆ. ನಿಮಗೆ ಶ್ರಮವಾಗದಿರಲಿ ಎಂದು ಮಾತನ್ನೂ ನಾನೇ ಬರೆದು ಕೊಡುತ್ತೇನೆ:

‘ಪ್ರಯಾಣಿಕರ ಗಮನಕ್ಕೆ. ಗಾಳಿಯ ಭಾನುವಾರ ಇಲ್ಲಿಗೆ ಬಂದು ನಿಂತ ರೈಲಿಗೆ ನಾವು ಯಾರನ್ನೂ ಹತ್ತಿಸಿರಲಿಲ್ಲ. ಬಟನ್ ಒತ್ತಲು ಅದರೊಳಗೆ ಯಾರೂ ಇರಲಿಲ್ಲ.’

ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ ಎನ್ನುತ್ತೀರಿ. ಇರಲಾರದು. ಸುಳ್ಳನ್ನು ಸಮಯಕ್ಕೆ ಸರಿಯಾಗಿ ಓಡಿಸುವುದಕ್ಕೆ ಅವಕಾಶವಿರುವ ನಿಯಮದಲ್ಲಿ ಒಂದು ನಿಜಕ್ಕೆ ಜಾಗ ಮಾಡಿಕೊಡಿ, ಅಷ್ಟೇ. ನನ್ನ ಮಗಳು ನನ್ನನ್ನು ನಂಬುವುದಿಲ್ಲ, ಅವಳ ತಾತನನ್ನೂ ನಂಬುತ್ತಿಲ್ಲ. ನಿಮ್ಮ ಮೈಕನ್ನು ಇನ್ನೂ ನಂಬುತ್ತಾಳೆ. ಅವಳು ಪ್ಲಾಟ್‌ಫಾರಂಗೆ ಬರದಿದ್ದರೂ ಅಡುಗೆಮನೆಗೆ ಅದು ಕೇಳಿಸುತ್ತದೆ.

ಆ ದಿನ ನಾನು ರೈಲಿನೊಳಗೆ ಬಾಗಿಲ ಹತ್ತಿರವೇ ಇರುತ್ತೇನೆ. ಘೋಷಣೆಯನ್ನು ಮಾತ್ರ ರೈಲು ಬರುವುದಕ್ಕೆ ಸ್ವಲ್ಪ ಮುಂಚೆಯೇ ಮಾಡಿಸಿ. ಅವಳು ಚಪ್ಪಲಿ ಹುಡುಕಿ ಹಾಕಿಕೊಂಡು, ಬೇಲಿ ಸುತ್ತಿ ಓಡಿ ಬರಬೇಕು.

ಇಂತಿ,
ಟಿಕೆಟ್ ಇದ್ದೂ ಆ ರೈಲಿನೊಳಗೆ ಇಲ್ಲದಿದ್ದವನು,
ಸ್ಟೇಷನ್ ರಸ್ತೆಯ ಸಲೂನಿನವನು