ಮೂರನೆಯ ಸುತ್ತಿನ ಕಾಫಿ

ಬುತಾಜಿರಾ,
ನೆಹಸೆ ತಿಂಗಳ ಹನ್ನೆರಡು

ಪ್ರೀತಿಯ ಜೆರಿತು ಅಕ್ಕನಿಗೆ ನಿನ್ನ ಬೆನ್ನಿಗೆ ಬಿದ್ದ ತಂಗಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀನು ನಂಬುವುದಿಲ್ಲ, ಗೊತ್ತು. ಫೋನಿನಲ್ಲಿ ಹೇಳಹೋದರೆ ನಡುವೆ ಬಾಯಿ ಹಾಕುತ್ತೀಯ, ಆಮೇಲೆ ಅಳುತ್ತೀಯ, ಆಮೇಲೆ ಚಾರ್ಜ್ ಮುಗಿಯಿತು ಅನ್ನುತ್ತೀಯ. ಅದಕ್ಕೇ ಈ ಕಾಗದ. ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಗಾಬರಿಯಾಗಬೇಡ.

ಮೆಸ್ಕೆಲ್ ಹಬ್ಬಕ್ಕೆ ಇನ್ನು ನಲವತ್ತು ದಿನ. ಅದಿಸ್ ಅಬಾಬಾದಲ್ಲಿರುವ ನಮ್ಮ ಗುರಾಗೆ ಜನವೆಲ್ಲ ಅಂಗಡಿ ಬಾಗಿಲು ಹಾಕಿ ಊರಿಗೆ ಬರುತ್ತಾರೆ. ನೀನೂ ಬರುತ್ತೀಯ. ನನ್ನ ಮಗಳು ಮಹ್ಲೆತ್ ಬರುತ್ತಾಳೋ ಇಲ್ಲವೋ, ನನಗೆ ಬೇಕಾದದ್ದು ಅದೊಂದೇ. ಮೂರು ವರ್ಷದ ಕೂಸನ್ನು ನೀನು ಕರೆದುಕೊಂಡು ಹೋದೆ, ಈಗ ಅವಳಿಗೆ ಹತ್ತು. ಯಾಕೆ ಕರೆದುಕೊಂಡು ಹೋದೆ ಎಂಬುದನ್ನು ನಾನು ಮರೆತಿಲ್ಲ. ಯಾರೋ ಕಿವಿಯಲ್ಲಿ ಹೇಳಿದರೆಂದು, ಸುರಿಯುವ ಮಳೆಯಲ್ಲಿ ಅವಳನ್ನು ಎತ್ತಿಕೊಂಡು ಮೂರು ಹಳ್ಳಿ ದಾಟಿ ನಡೆದವಳು ನಾನೇ. ನೀನು ಮಾಡಿದ್ದು ಸರಿ ಅಕ್ಕ. ಈ ಮಾತನ್ನು ಹೇಳಲು ನನಗೆ ಏಳು ವರ್ಷ ಬೇಕಾಯಿತು.

ಆದರೆ ಕಳೆದ ತಿಂಗಳು ನೀನು ಬಂದದ್ದು ನನ್ನನ್ನು ನೋಡಲಿಕ್ಕಲ್ಲ, ಪರೀಕ್ಷೆ ಮಾಡಲಿಕ್ಕೆ. ನನಗೆ ಅಷ್ಟೂ ತಿಳಿಯುವುದಿಲ್ಲವೇ? ನೆಲಕ್ಕೆ ಹಸಿ ಹುಲ್ಲು ಹಾಸಿದೆ, ಧೂಪ ಹಾಕಿದೆ, ಕಾಫಿಬೀಜ ನಾನೇ ಹುರಿದೆ, ಪಕ್ಕದ ಮನೆಯ ಬಿರ್ಕೆಯನ್ನೂ ಕರೆದೆ. ಮೊದಲ ಸುತ್ತು ಕುಡಿಯುತ್ತಿದ್ದಾಗಲೇ ಎದ್ದು ಅಂಗಳಕ್ಕೆ ಹೋದೆ. ಬಂದೆ. ಮತ್ತೆ ಹೋದೆ. ಆಶೀರ್ವಾದದ ಮೂರನೆಯ ಸುತ್ತಿನ ಹೊತ್ತಿಗೆ ನಾನು ಬೇಲಿಯ ಹತ್ತಿರ ನಿಂತಿದ್ದೆ, ಕಾಫಿಯನ್ನು ನೀನೇ ಬಗ್ಗಿಸಬೇಕಾಯಿತು. ಅತಿಥಿ ಮೂರನೆಯದನ್ನು ಬಿಟ್ಟು ಎದ್ದರೇ ಅಪಶಕುನ ಅನ್ನುತ್ತಾರೆ, ಇಲ್ಲಿ ಮನೆಯವಳೇ ಎದ್ದಿದ್ದಳು. ಬಿರ್ಕೆಯ ಬಾಯಿ ಸುಮ್ಮನಿರುತ್ತದೆಯೇ? "ನೋಡು ಜೆರಿತು, ನಿನ್ ತಂಗಿಗೆ ಮತ್ತೆ ಶುರುವಾಯ್ತು," ಅಂದಳು. ನೀನು ಇಲ್ಲ ಅನ್ನಲಿಲ್ಲ. ಹೊರಡುವಾಗ ಮಾತ್ರ ಅಂದೆ: "ಒಂದು ಕಾಫಿ ಮುಗಿಯೋವರೆಗೂ ಕೂತ್ಕೊಳ್ಳೋಕಾಗಲ್ಲ ನಿಂಗೆ. ಮಗೂನ ಯಾವ ಧೈರ್ಯದ ಮೇಲೆ ಬಿಡ್ಲಿ ಹೇಳು."

ಹಿತ್ತಲಲ್ಲಿ ಒಂದಿಷ್ಟು ಓಡಾಡಿ ಬಂದೆ. ಎಲ್ಲಿದ್ದೆ? ಹಾಂ, ಕೂರುವ ವಿಷಯ.

ತಿಂಗಳಿಗೊಮ್ಮೆ ಹಾಕುವ ಸೂಜಿಯಿಂದ ತಲೆಯೊಳಗಿನ ಗಲಾಟೆ ನಿಲ್ಲುತ್ತದೆ. ಆದರೆ ಅದು ಕಾಲಿನ ನೆಮ್ಮದಿ ಕೆಡಿಸುತ್ತದೆ. ಮೂಳೆಯೊಳಗೆ ಇರುವೆ ಹರಿದ ಹಾಗೆ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಚರ್ಚಿನಲ್ಲಿ ಎಲ್ಲರೂ ತಾಸುಗಟ್ಟಲೆ ನಿಂತಿರುತ್ತಾರಲ್ಲ, ಅಲ್ಲೊಂದೇ ಕಡೆ ನಾನೂ ಎಲ್ಲರಂತೆ.

ನೀನು ಹೋದ ಮಾರನೆಯ ದಿನ ಆರೋಗ್ಯ ಕೇಂದ್ರದ ನರ್ಸ್ ಗೆರೆಮೆವ್ ಹತ್ತಿರ ಹೋದೆ. ಡೋಸ್ ಜಾಸ್ತಿ ಮಾಡಿ ಎಂದು ನೀನು ಆಗಲೇ ಫೋನ್ ಮಾಡಿದ್ದೆಯಂತೆ. ಆತ ಏನನ್ನೂ ಬರೆಯುವ ಮೊದಲು ನನ್ನನ್ನು ಕೇಳಿದ, "ಎದ್ದು ಓಡಾಡು ಅನ್ನೋದು ಯಾವ್ದಮ್ಮ, ತಲೇನಾ, ಕಾಲಾ?" ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅತ್ತುಬಿಟ್ಟೆ. ಆತ ಡೋಸನ್ನು ಏರಿಸಲಿಲ್ಲ, ಸ್ವಲ್ಪ ಇಳಿಸಿದ. ಕಾಲಿಗೆಂದು ಒಂದು ಪುಟ್ಟ ಮಾತ್ರೆ ಕೊಟ್ಟ. ಪೂರ್ತಿ ವಾಸಿಯಾಗಲಿಕ್ಕಿಲ್ಲ, ಸೂಜಿಯನ್ನಂತೂ ಬಿಡುವ ಹಾಗೇ ಇಲ್ಲ ಎಂದೂ ಹೇಳಿದ. ಈಗ ಎರಡು ಸುತ್ತು ಮುಗಿಯುವವರೆಗೆ ಕೂರುತ್ತೇನೆ. ಬೇಕಾದರೆ ಬಿರ್ಕೆಯನ್ನೇ ಕೇಳು.

ಹಾಗಾಗಿ ಅಕ್ಕ, ಅಂದು ನಾನು ಎದ್ದು ಹೋದದ್ದು ಕಾಲಿನ ದೆಸೆಯಿಂದ, ತಲೆಯ ದೆಸೆಯಿಂದಲ್ಲ. ಮಹ್ಲೆತ್‌ಳನ್ನು ಕರೆದುಕೊಂಡು ಬಾ. ನಾಲ್ಕೇ ದಿನ. ನಿನ್ನ ಪಕ್ಕದಲ್ಲೇ ಮಲಗಲಿ, ನಿನ್ನ ಕೈಯಿಂದಲೇ ಉಣ್ಣಲಿ. ಅವಳ ತಲೆಗೆ ಬೆಣ್ಣೆ ಹಚ್ಚಿ ಜಡೆ ಹೆಣೆಯಬೇಕೆಂದು ನನಗೆ ಆಸೆ. ಅವಳು ಕೂರಲಿ, ನಾನು ನಿಂತೇ ಹೆಣೆಯುತ್ತೇನೆ.

ನಿನ್ನ ತಂಗಿ,
ಅಸ್ನಾಕೆಚ್

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಹರಿದು ಮತ್ತೆ ಬರೆಯುತ್ತಿದ್ದೇನೆ. ನೀನು ಬರುವ ಮುಂಚೆ ಎರಡು ತಿಂಗಳು ನಾನು ಸೂಜಿ ಹಾಕಿಸಿಕೊಂಡಿರಲಿಲ್ಲ. ನಿನ್ನೆದುರು ಮೂರು ಸುತ್ತೂ ಕೂರಬೇಕಿತ್ತು, ಅದಕ್ಕೆ. ಅಂದು ಕಾಲುಗಳು ಸುಮ್ಮನೇ ಇದ್ದವು. ಬೇಲಿಯಾಚೆಯಿಂದ ಮಹ್ಲೆತ್ "ಅಮ್ಮಾ, ಬಾ" ಎಂದು ಕರೆಯುತ್ತಿದ್ದಳು. ನೀನು ಅವಳನ್ನು ಕರೆತಂದಿಲ್ಲವೆಂದು ಗೊತ್ತಿದ್ದೂ ಹೋದೆ. ಗೆರೆಮೆವ್ ಕೇಳಿದಾಗ ಎರಡೂ ಅಂದಿದ್ದೆ, ಸೂಜಿ ಹಾಕಿಸಿಕೊಂಡರೆ ಕಾಲು, ಬಿಟ್ಟರೆ ತಲೆ ಎಂದು; ನಿನಗೆ ಮಾತ್ರ ಮುಚ್ಚಿಟ್ಟೆ. ಅಂದೇ ಸೂಜಿ ಹಾಕಿಸಿಕೊಂಡೆ. ಇನ್ನು ಒಂದು ತಿಂಗಳೂ ತಪ್ಪಿಸುವುದಿಲ್ಲ. ಇಷ್ಟು ತಿಳಿದ ಮೇಲೂ ಮನಸ್ಸು ಬಂದರೆ ಅವಳನ್ನು ಕರೆದುಕೊಂಡು ಬಾ. ಈಗ ಬೇಲಿಯಾಚೆ ಯಾರೂ ಕರೆಯುವುದಿಲ್ಲ. ಅದು ಮೂರು ವರ್ಷದ ಕೂಸಿನ ದನಿಯಾಗಿತ್ತು ಅಕ್ಕ. ಫೋನಿಗೆ ಕರೆದರೂ ಅವಳು ಬರುವುದಿಲ್ಲ. ಹತ್ತು ವರ್ಷದ ನನ್ನ ಮಗಳ ದನಿ ಹೇಗಿದೆಯೆಂದು ನನಗೆ ಗೊತ್ತೇ ಇಲ್ಲ.